ಜೂನ್‌ನಲ್ಲಿ ಅಪ್ಪ-ಅಮ್ಮನ ಜೊತೆ ಡೆತ್ ವ್ಯಾಲಿ, ಒಂದೇ ದಿನ: ಹೋಗಬಹುದಾ?

ಧಾರವಾಡದಾಕಿ_ಬಾವಧನ್

ಎಲ್ಲರಿಗೂ ನಮಸ್ಕಾರ. ಜೂನ್ ಮೂರನೇ ವಾರ ಅಪ್ಪ-ಅಮ್ಮನ ಜೊತೆ ಪುಣೆಯಿಂದ ಅಮೆರಿಕಕ್ಕೆ ಹೊರಟಿದ್ದೇನೆ. ತಮ್ಮ ಕ್ಯಾಲಿಫೋರ್ನಿಯಾದ ಇರ್ವೈನ್‌ನಲ್ಲಿದ್ದಾನೆ. ಒಂದು ಶನಿವಾರ-ಭಾನುವಾರ ಲಾಸ್ ವೇಗಸ್‌ನಲ್ಲಿ ಉಳಿಯುತ್ತೇವೆ. ಅಲ್ಲಿಂದ ಒಂದು ದಿನ ಡೆತ್ ವ್ಯಾಲಿ (ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆ, ಈಗ ನ್ಯಾಷನಲ್ ಪಾರ್ಕ್) ನೋಡಿ ಬರಬೇಕು ಅಂತ ಅಪ್ಪನ ಆಸೆ. ಅವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವರು. ಸಮುದ್ರಮಟ್ಟಕ್ಕಿಂತ ಕೆಳಗಿರುವ ನೆಲ, ಮಳೆನೆರಳಿನ ಪ್ರದೇಶ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದಾರೆ, ಕಣ್ಣಾರೆ ಕಂಡಿಲ್ಲ.

ಅಪ್ಪನಿಗೆ 72, ಬಿಪಿ ಮಾತ್ರೆ ತಗೋತಾರೆ. ಅಮ್ಮನಿಗೆ 67, ಮೊಣಕಾಲು ನೋವು, ಜಾಸ್ತಿ ನಡೆಯೋಕೆ ಆಗಲ್ಲ. ಚಳಿಗಾಲದಲ್ಲಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ, ಗೊತ್ತು. ಆದರೆ ತಮ್ಮನಿಗೆ ರಜೆ ಸಿಗುವುದು ಆಗಲೇ. ಇನ್ನೊಮ್ಮೆ ಇಬ್ಬರನ್ನೂ ಅಷ್ಟು ದೂರ ಕರೆದುಕೊಂಡು ಹೋಗುವುದು ಆಗುತ್ತೋ ಇಲ್ಲವೋ. ಹೋಗಿ ಬಂದವರು, ಅಲ್ಲಿ ಇದ್ದವರು ದಯವಿಟ್ಟು ಬಿಡಿಸಿ ಹೇಳಿ.

ಹಿಂಜವಡಿ_ಹೈದ

ಅಕ್ಕಾ, ಖಂಡಿತ ಬೇಡ. ಜೂನ್‌ನಲ್ಲಿ ಅಲ್ಲಿ ಸರಾಸರಿ ಗರಿಷ್ಠವೇ 43 ಡಿಗ್ರಿ, ಕೆಲವು ದಿನ 50 ಹತ್ತಿರ ಹೋಗುತ್ತದೆ. ವೇಗಸ್‌ನಿಂದ ಒಂದು ಗಂಟೆ ದೂರದಲ್ಲಿ ಮೌಂಟ್ ಚಾರ್ಲ್ಸ್‌ಟನ್ ಇದೆ. ಎತ್ತರ, ಮರಗಳು, ತಂಪು ಗಾಳಿ. ಅಲ್ಲಿಗೆ ಕರೆದುಕೊಂಡು ಹೋಗಿ.

ಪಿಂಪ್ರಿ_ಕಲಬುರಗಿ

ಇಷ್ಟು ಹೆದರಿಸುವುದು ಯಾಕೆ? ನಾವು ಕಲಬುರಗಿಯವರು ಮೇ ತಿಂಗಳಲ್ಲಿ ಮದುವೆ ಮಾಡುತ್ತೇವೆ, ಮಧ್ಯಾಹ್ನ ಪಂಗ್ತಿ ಊಟ ಬಡಿಸುತ್ತೇವೆ. ಟೋಪಿ, ನೀರು ಇದ್ದರೆ ನಡೆಯುತ್ತದೆ. ನಿಮ್ಮ ಅಪ್ಪ ಬಿಸಿಲು ನೋಡಿಯೇ ಬೆಳೆದವರು.

ಮರಳಿ_ಪುಣೆಗೆ

ನಾನು ಕೆಲಸಕ್ಕೆ ವೇಗಸ್‌ನಲ್ಲಿದ್ದೆ, ಈಗ ಬಾಣೇರ್‌ನಲ್ಲಿದ್ದೇನೆ. ಊರಿಂದ ಬಂದ ಹಿರಿಯರನ್ನು ಬೇಸಿಗೆಯಲ್ಲೇ ಅಲ್ಲಿಗೆ ಕರೆದೊಯ್ದಿದ್ದೇನೆ. ಹಿಂಜವಡಿಯವರು ಹೇಳಿದ ಹಾಗೆ ಪೂರ್ತಿ ಕೈಬಿಡಬೇಕಾಗಿಲ್ಲ. ಪಿಂಪ್ರಿಯವರು ಹೇಳಿದ ಧೈರ್ಯವಂತೂ ಬೇಡವೇ ಬೇಡ.

ಅಲ್ಲಿ ಎರಡು ವಿಷಯ ಮುಖ್ಯ. ಯಾವ ಹೊತ್ತಿಗೆ ಇದ್ದೀರಿ, ಯಾವ ಎತ್ತರದಲ್ಲಿ ಇದ್ದೀರಿ. ಬೇಸಿಗೆಯಲ್ಲಿ ಬೆಳಗ್ಗೆ 10ರ ಮೇಲೆ ಕಣಿವೆಯ ತಳದಲ್ಲಿ ನಡೆದಾಡಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ಅದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಏಪ್ರಿಲ್‌ನಲ್ಲಿ ಸಿಂಹಗಡಕ್ಕೆ ಹೋಗುವ ನಮ್ಮ ಪುಣೆಯವರು ಬೆಳಕು ಹರಿಯುವ ಮುಂಚೆ ಹತ್ತಲು ಶುರು ಮಾಡಿ, ಬಿಸಿಲೇರುವಷ್ಟರಲ್ಲಿ ಪಿಠ್ಲ-ಭಾಕ್ರಿ ತಿಂದು ಇಳಿದುಬಿಡುತ್ತಾರಲ್ಲ, ಅದೇ ಲೆಕ್ಕ.

ವೇಗಸ್‌ನಿಂದ ನಸುಕಿನ 3:30ಕ್ಕೆ ಹೊರಡಿ. ಪಾರಂಪ್ ಎಂಬ ಊರಿನ ಮೇಲೆ ಹಾದು ಹೋಗುವ ದಾರಿ. ಕಣಿವೆಯೊಳಗೆ ವಿಸಿಟರ್ ಸೆಂಟರ್ ಇರುವ ಫರ್ನೇಸ್ ಕ್ರೀಕ್‌ವರೆಗೆ ಸುಮಾರು ಎರಡು ಗಂಟೆ. ಪಾರಂಪ್‌ನಲ್ಲಿ ಟ್ಯಾಂಕ್ ತುಂಬಿಸಿ. ಪಾರ್ಕಿನ ಒಳಗೂ ಪೆಟ್ರೋಲ್ ಸಿಗುತ್ತದೆ, ಆದರೆ ತುಂಬಾ ದುಬಾರಿ.

ಮೊದಲು ಜಬ್ರಿಸ್ಕಿ ಪಾಯಿಂಟ್. ಸೂರ್ಯೋದಯ 5:30ರ ಆಸುಪಾಸು, ಅದಕ್ಕೆ ಸ್ವಲ್ಪ ಮೊದಲೇ ತಲುಪಿ. ಎದುರಿನ ಪಾನಮಿಂಟ್ ಬೆಟ್ಟಗಳ ನೆತ್ತಿಯ ಮೇಲೆ ಮೊದಲು ಬೆಳಕು ಬೀಳುತ್ತದೆ. ಆಮೇಲೆ ಅದು ಮೆಲ್ಲಗೆ ಕೆಳಗಿಳಿಯುತ್ತಾ ಹತ್ತಿರದ ಹಳದಿ ಮಣ್ಣಿನ ದಿಬ್ಬಗಳಿಗೆ ಬರುತ್ತದೆ. ಅಲ್ಲಿ ಕಾರಿನಿಂದ ನೂರು ಗಜದಷ್ಟು ಗಟ್ಟಿ ದಾರಿ ಇದೆ. ಏರು, ಆದರೆ ಮೆಟ್ಟಿಲಿಲ್ಲ. ಅಮ್ಮನಿಗೆ ಕೈ ಹಿಡಿದು ನಿಧಾನಕ್ಕೆ ಹತ್ತಿಸಬಹುದು.

ಅಲ್ಲಿಂದ ನೇರ ಬ್ಯಾಡ್‌ವಾಟರ್ ಬೇಸಿನ್. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ, ಉತ್ತರ ಅಮೆರಿಕದಲ್ಲಿ ಅದಕ್ಕಿಂತ ತಗ್ಗಿನ ನೆಲ ಇಲ್ಲ. ಇಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲ ಇದೆ. ಪೂರ್ವಕ್ಕೆ ಬ್ಲ್ಯಾಕ್ ಮೌಂಟನ್ಸ್ ಗೋಡೆಯಂತೆ ನಿಂತಿರುವುದರಿಂದ ಸೂರ್ಯ ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ಈ ಜಾಗ ನೆರಳಿನಲ್ಲೇ ಇರುತ್ತದೆ. 6:30ಕ್ಕೆ ಅಲ್ಲಿದ್ದರೆ ಉಪ್ಪಿನ ನೆಲದ ಮೇಲೆ ಒಂದಿಷ್ಟು ದೂರ ನೆಮ್ಮದಿಯಾಗಿ ನಡೆಯಬಹುದು. ಹಿಂತಿರುಗಿ ಬೆಟ್ಟದ ಕಡೆ ತಲೆ ಎತ್ತಿ ನೋಡಲು ಅಪ್ಪನಿಗೆ ಹೇಳಿ. ಬಂಡೆಯ ಮೇಲೆ ತುಂಬಾ ಎತ್ತರದಲ್ಲಿ ಬಿಳಿ ಹಲಗೆಯೊಂದಿದೆ, 'ಸೀ ಲೆವೆಲ್' ಅಂತ ಬರೆದಿದೆ. ಸಮುದ್ರ ಇಲ್ಲಿಗೆ ಬಂದಿದ್ದರೆ ನೀರು ಅಷ್ಟು ಎತ್ತರಕ್ಕೆ ನಿಲ್ಲುತ್ತಿತ್ತು. ಭೂಗೋಳದ ಮೇಷ್ಟ್ರಿಗೆ ಅದೊಂದು ಹಲಗೆ ಸಾಕು.

ವಾಪಸ್ ಬರುವಾಗ ಆರ್ಟಿಸ್ಟ್ಸ್ ಡ್ರೈವ್. 9 ಮೈಲಿಯ ಒಮ್ಮುಖ ರಸ್ತೆ, ಬ್ಯಾಡ್‌ವಾಟರ್ ಕಡೆಯಿಂದ ಬರುವವರಿಗೆ ಸರಿಯಾಗಿ ಸಿಗುತ್ತದೆ. ಹಸಿರು, ಗುಲಾಬಿ, ನೇರಳೆ ಬಣ್ಣದ ಬೆಟ್ಟಗಳು, ಎಲ್ಲವನ್ನೂ ಕಾರಿನಲ್ಲಿ ಕೂತೇ ನೋಡಬಹುದು. ಅದು ಮುಗಿದ ಮೇಲೆ ಫರ್ನೇಸ್ ಕ್ರೀಕ್‌ನ ವಿಸಿಟರ್ ಸೆಂಟರ್‌ನಲ್ಲಿ ಎಸಿಯಲ್ಲಿ ಕೂತು ದಣಿವಾರಿಸಿಕೊಳ್ಳಿ. ನೀರು ತುಂಬಿಸಿಕೊಳ್ಳಿ, ಕಾಗದದ ನಕ್ಷೆ ತಗೊಳ್ಳಿ.

10ಕ್ಕೆ ಕಣಿವೆ ಬಿಟ್ಟು ಡಾಂಟೆಸ್ ವ್ಯೂಗೆ ಹತ್ತಿ. ಎತ್ತರ 1,669 ಮೀಟರ್. ಕೆಳಗೆ ಸುಡುತ್ತಿದ್ದರೆ ಅಲ್ಲಿ ಹತ್ತು ಡಿಗ್ರಿಯಷ್ಟು ಕಡಿಮೆ ಇರುತ್ತದೆ, ಗಾಳಿಯೂ ಬೀಸುತ್ತದೆ. ಬೆಳಗ್ಗೆ ನಿಂತಿದ್ದ ಬ್ಯಾಡ್‌ವಾಟರ್ ನೇರ ಕಾಲಡಿಯಲ್ಲಿ ಕಾಣುತ್ತದೆ. ಎದುರಿಗೆ 3,300 ಮೀಟರ್ ದಾಟಿದ ಟೆಲಿಸ್ಕೋಪ್ ಪೀಕ್. ಕಾರು ನಿಲ್ಲಿಸುವ ಜಾಗದಿಂದಲೇ ನೋಟ ಸಿಗುವುದರಿಂದ ಅಮ್ಮ ನಡೆಯಬೇಕಾಗಿಲ್ಲ. ಈ ಜಾಗ ವೇಗಸ್‌ಗೆ ಮರಳುವ ದಾರಿಯ ಕಡೆಗೇ ಇದೆ. ಒಂದು ಗಂಟೆಯ ಹೊತ್ತಿಗೆ ಪಾರಂಪ್‌ನಲ್ಲಿ ಊಟ, 2:30ಕ್ಕೆ ಹೋಟೆಲ್. ಮರಳಿನ ದಿಬ್ಬಗಳನ್ನು ಈ ಸಲ ಬಿಟ್ಟುಬಿಡಿ, ಅವು ಇನ್ನೊಂದು ದಿಕ್ಕಿಗೆ ಇವೆ. ಹೂವರ್ ಡ್ಯಾಮನ್ನೂ ಅದೇ ದಿನಕ್ಕೆ ತುರುಕಬೇಡಿ.

ಪಿಂಪ್ರಿ_ಕಲಬುರಗಿ

ಪ್ಲ್ಯಾನ್ ಚೆನ್ನಾಗಿದೆ. ಆದರೂ ಕೇಳುತ್ತೇನೆ, ನಮ್ಮ ಕಡೆಯ 43-44 ಡಿಗ್ರಿಗೂ ಅಲ್ಲಿಯದಕ್ಕೂ ಅಷ್ಟೊಂದು ವ್ಯತ್ಯಾಸ ಇದೆಯಾ?

ಕಲ್ಲು_ಮಣ್ಣು

ಇದೆ, ತುಂಬಾ ಇದೆ. ಭೂವಿಜ್ಞಾನ ಓದಿದವನು ನಾನು, ಈ ಕಣಿವೆ ಅಂದರೆ ಪ್ರಾಣ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದೆ. ಜಗತ್ತಿನ ಗಾಳಿಯ ಉಷ್ಣತೆಯ ದಾಖಲೆ ಅದೇ. ಈಚೆಗೆ 2020ರಲ್ಲೂ 2021ರಲ್ಲೂ 54.4 ಮುಟ್ಟಿತ್ತು. 2024ರ ಜುಲೈ ಅಲ್ಲಿ ದಾಖಲಾದ ಅತಿ ಬಿಸಿಯ ತಿಂಗಳು, ಹಗಲು-ರಾತ್ರಿ ಸೇರಿಸಿದ ಸರಾಸರಿಯೇ 42.5. ಗಮನಿಸಿ, ಸರಾಸರಿ! ಕಲಬುರಗಿಯಲ್ಲಿ ಸಂಜೆಯಾದ ಮೇಲೆ ಮಾಳಿಗೆ ಮೇಲೆ ಹಾಸಿಗೆ ಹಾಸಿ ಮಲಗಬಹುದು. ಅಲ್ಲಿ ಜುಲೈ ರಾತ್ರಿಯ ಕನಿಷ್ಠವೇ 32ರ ಆಸುಪಾಸು. ಇನ್ನು ನೆಲ. 1972ರ ಜುಲೈ 15ರಂದು ನೆಲದ ಮೇಲ್ಮೈ 94 ಡಿಗ್ರಿ ಇತ್ತು. ನೀರು ಕುದಿಯಲು ಆರೇ ಡಿಗ್ರಿ ಕಡಿಮೆ.

ಯಾಕೆ ಹೀಗೆ? ಪೆಸಿಫಿಕ್ ಸಾಗರದ ತೇವದ ಗಾಳಿ ಈ ಕಣಿವೆಗೆ ಬರಬೇಕಾದರೆ ನಾಲ್ಕು ಪರ್ವತಸಾಲು ದಾಟಬೇಕು. ಸಿಯೆರಾ ನೆವಾಡ ಅದರಲ್ಲಿ ದೊಡ್ಡದು. ಒಂದೊಂದು ಸಾಲಿನಲ್ಲೂ ಒಂದಿಷ್ಟು ನೀರು ಸುರಿದು, ಕೊನೆಗೆ ಒಣಗಾಳಿ ಮಾತ್ರ ಉಳಿಯುತ್ತದೆ. ನಮ್ಮ ತಾಮ್ಹಿಣಿ ಘಾಟಿನಲ್ಲಿ ಮಳೆ ಜಡಿಯುತ್ತಿರುವಾಗ ಬಾರಾಮತಿ ಕಡೆಯ ಸುಪೆ ಒಣಗಿರುತ್ತದಲ್ಲ, ನೀರು ಸಿಗದೆ ಅಲ್ಲಿ ಕುರುಚಲು ಹುಲ್ಲುಗಾವಲೇ ಉಳಿದಿದೆ. ಆಗುಂಬೆ-ಚಿತ್ರದುರ್ಗದ ಕಥೆಯೂ ಅದೇ. ನಮಗೆ ಅಡ್ಡ ಇರುವುದು ಸಹ್ಯಾದ್ರಿ ಒಂದೇ. ಅಲ್ಲಿ ನಾಲ್ಕು. ವರ್ಷದ ಮಳೆ ಬರೀ 5 ಸೆಂಟಿಮೀಟರ್‌ನಷ್ಟು.

ಒಣಗಾಳಿ, ಗಿಡಮರ ಇಲ್ಲದ ನೆಲ, ಹೀಗಾಗಿ ಬಿಸಿಲು ನೇರ ಮಣ್ಣಿಗೆ ಇಳಿಯುತ್ತದೆ. ನೆಲ ಆ ಕಾವನ್ನು ಗಾಳಿಗೆ ಬಿಡುತ್ತದೆ. ಬಿಸಿಗಾಳಿ ಮೇಲೇಳುತ್ತದೆ, ಆದರೆ ಎರಡೂ ಬದಿಯ ಎತ್ತರದ ಬೆಟ್ಟ ದಾಟಿ ಹೋಗಲಾರದೆ ಮತ್ತೆ ಕೆಳಗಿಳಿಯುತ್ತದೆ. ಇಳಿಯುವಾಗ ಒತ್ತಡಕ್ಕೆ ಸಿಕ್ಕು ಇನ್ನಷ್ಟು ಕಾಯುತ್ತದೆ. ಇದೇ ಸುತ್ತು ದಿನವಿಡೀ ನಡೆಯುತ್ತದೆ.

ಬ್ಯಾಡ್‌ವಾಟರ್‌ನಲ್ಲಿ ಬಗ್ಗಿ ಉಪ್ಪನ್ನು ಹತ್ತಿರದಿಂದ ನೋಡಿ. ನೆಲದಡಿಯ ಉಪ್ಪುನೀರು ಮೇಲಕ್ಕೆ ಬಂದು ಆರುತ್ತದೆ. ಹರಳುಗಳು ಬೆಳೆಯುತ್ತಾ ಒಂದನ್ನೊಂದು ತಳ್ಳಿದಾಗ ಅಂಚುಗಳು ಎದ್ದು ನಿಲ್ಲುತ್ತವೆ. ಐದು-ಆರು ಮೂಲೆಯ ಚೌಕಟ್ಟುಗಳು ಕಣ್ಣು ಹಾಯುವವರೆಗೆ ಕಾಣುತ್ತವೆ. ಮಳೆ ಬಂದಾಗ ಎಲ್ಲ ಕರಗಿ ಮತ್ತೆ ಹೊಸದಾಗಿ ಕಟ್ಟುತ್ತದೆ. 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆ ಸುರಿದು ಅಲ್ಲೊಂದು ಕೆರೆಯೇ ನಿಂತಿತ್ತು. ದಯವಿಟ್ಟು ಉಪ್ಪಾಗಲಿ ಕಲ್ಲಾಗಲಿ ಜೇಬಿಗೆ ಹಾಕಿಕೊಳ್ಳಬೇಡಿ. ಕಾನೂನು ಒಪ್ಪುವುದಿಲ್ಲ.

ಮಾಟುಂಗಾ_ಮಾವ

ಮುಂಬೈಯಿಂದ ಒಂದು ಮಾತು. ತಮ್ಮ ಇರ್ವೈನ್‌ನಲ್ಲಿದ್ದರೆ ಜೋಶುವಾ ಟ್ರೀ ಹತ್ತಿರ, ಎರಡು-ಎರಡೂವರೆ ಗಂಟೆ. ಅದೂ ಮರುಭೂಮಿ ಪಾರ್ಕೇ. ಎತ್ತರದಲ್ಲಿರುವುದರಿಂದ ಡೆತ್ ವ್ಯಾಲಿಯಷ್ಟು ಕಾವಿಲ್ಲ. ಕೀಸ್ ವ್ಯೂ ಅನ್ನುವ ಜಾಗದಿಂದ ಎರಡು ಭೂಫಲಕಗಳ ನಡುವಿನ ಸ್ಯಾನ್ ಆಂಡ್ರಿಯಾಸ್ ಬಿರುಕು ಕಾಣುತ್ತದೆ. ಭೂಗೋಳದ ಮೇಷ್ಟ್ರಿಗೆ ಅದೂ ಇಷ್ಟವಾಗುತ್ತದೆ. ಆದರೆ ಪಾರ್ಕಿನ ನಡುವೆ ಎಲ್ಲೂ ಕುಡಿಯುವ ನೀರು ಸಿಗುವುದಿಲ್ಲ, ಹೊರಗಿನಿಂದಲೇ ಒಯ್ಯಬೇಕು. ವೇಗಸ್ ಪ್ಲ್ಯಾನ್ ಕೈಕೊಟ್ಟರೆ ಇದನ್ನು ಇಟ್ಟುಕೊಳ್ಳಿ.

ಧಾರವಾಡದಾಕಿ_ಬಾವಧನ್

ಎಲ್ಲರಿಗೂ ತುಂಬಾ ಧನ್ಯವಾದ. 'ಸೀ ಲೆವೆಲ್' ಹಲಗೆಯ ವಿಷಯ ಅಪ್ಪನಿಗೆ ಓದಿ ಹೇಳಿದೆ. ಆಗಲೇ ಅಟ್ಲಾಸ್ ತೆಗೆದು ಕೂತಿದ್ದಾರೆ.

ಇನ್ನೆರಡು ಪ್ರಶ್ನೆ. ಅಮ್ಮ ಯಾವಾಗಲೂ ಚಪ್ಪಲಿ ಹಾಕುವವರು, ಬೂಟು ಅಂದರೆ ಆಗಲ್ಲ. ನಡೆಯುತ್ತದಾ? ಬಿಪಿ ಮಾತ್ರೆ ಬಗ್ಗೆ ಏನು ನೋಡಿಕೊಳ್ಳಬೇಕು?

ಮರಳಿ_ಪುಣೆಗೆ

ಚಪ್ಪಲಿ ಬೇಡ. 2024ರ ಜುಲೈನಲ್ಲಿ ಬೆಲ್ಜಿಯಂನ ಪ್ರವಾಸಿಯೊಬ್ಬರ ಚಪ್ಪಲಿ ಮೆಸ್ಕೀಟ್ ಮರಳುದಿಬ್ಬಗಳಲ್ಲಿ ಕಾಲಿನಿಂದ ಹೋಯಿತು. ಅಂಗಾಲಿನ ಚರ್ಮ ಪೂರ್ತಿ ಸುಟ್ಟು ಮೂರನೇ ಹಂತದ ಗಾಯವಾಯಿತು. ಆ ದಿನ 50 ಡಿಗ್ರಿ ದಾಟಿತ್ತು. ಅಷ್ಟು ಕಾದ ಗಾಳಿ ತೆಳುವಾಗಿರುತ್ತದೆ, ಹೆಲಿಕಾಪ್ಟರ್‌ಗೆ ಬೇಕಾದಷ್ಟು ಎತ್ತುವ ಬಲ ಸಿಗುವುದಿಲ್ಲ. ಹಾಗಾಗಿ ಅವರನ್ನು ಮೊದಲು ಆಂಬುಲೆನ್ಸ್‌ನಲ್ಲಿ ಎತ್ತರದ ಜಾಗಕ್ಕೆ ಸಾಗಿಸಿ, ಅಲ್ಲಿಂದ ಹೆಲಿಕಾಪ್ಟರ್ ಹತ್ತಿಸಬೇಕಾಯಿತು. 49 ಡಿಗ್ರಿ ಮೇಲೆ ಸಾಮಾನ್ಯವಾಗಿ ಅಲ್ಲಿಗೆ ಆಂಬುಲೆನ್ಸ್ ಹೆಲಿಕಾಪ್ಟರ್ ಬರಲಾರದು. ಯಾರಾದರೂ ಬಂದು ಕಾಪಾಡುತ್ತಾರೆ ಅನ್ನುವ ನಂಬಿಕೆ ಇಟ್ಟುಕೊಂಡು ಅಲ್ಲಿಗೆ ಹೋಗಬಾರದು.

ಅಮ್ಮನಿಗೆ ಮೆತ್ತನೆಯ ವಾಕಿಂಗ್ ಶೂ ಈಗಲೇ ಕೊಡಿಸಿ. ಪುಣೆಯಲ್ಲೇ ಬೆಳಗಿನ ವಾಕ್‌ಗೆ ಹಾಕಿ ರೂಢಿ ಆಗಲಿ.

ನಿವೃತ್ತ_ನರ್ಸ್_ಔಂಧ್

ಮಾತ್ರೆ ಬಗ್ಗೆ ನಾನು ಹೇಳುತ್ತೇನೆ ತಂಗಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡಿಸುತ್ತವೆ. ಮೈಯ ನೀರು, ಉಪ್ಪು ಎರಡೂ ಹೋಗುತ್ತದೆ. ಹೊರಡುವ ಮೊದಲು ಅಪ್ಪನ ಡಾಕ್ಟರ್ ಹತ್ತಿರ ಹೋಗಿ, ಇಂಥ ಕಡೆ ಹೋಗುತ್ತಿದ್ದೇವೆ ಅಂತ ಹೇಳಿ ಕೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿದ್ದರೆ ಅದನ್ನೂ ವಿಚಾರಿಸಿ.

ಮುಂಬೈ ಬೆವರು ಬೇರೆ, ಅಲ್ಲಿಯ ಬೆವರು ಬೇರೆ. ಮುಂಬೈಯಲ್ಲಿ ಅಂಗಿ ತೊಪ್ಪೆಯಾಗುತ್ತದೆ, ನೀರು ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಒಣಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಬೆವರೇ ಬರುತ್ತಿಲ್ಲ ಅನ್ನಿಸುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಕೇಳಿ ಕೊಡಬೇಡಿ, ಆಗಾಗ ಕೈಗೆ ಲೋಟ ಕೊಟ್ಟು ಕುಡಿಸಿ. ದಿನಕ್ಕೆ ಒಬ್ಬರಿಗೆ ಕಡಿಮೆ ಅಂದರೆ 4 ಲೀಟರ್ ಅಂತ ಪಾರ್ಕಿನವರ ಲೆಕ್ಕ. ಅದರ ಎರಡರಷ್ಟು ಕಾರಿನಲ್ಲಿರಲಿ.

ಓಆರ್‌ಎಸ್ ಪೊಟ್ಟಣ ಇಲ್ಲಿಂದಲೇ ಒಯ್ಯಿರಿ. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಒಂದು ಲೋಟಕ್ಕೆ ಸುರಿದು ಕುಡಿಸುವವರನ್ನು ತುಂಬಾ ನೋಡಿದ್ದೇನೆ, ಹಾಗೆ ಮಾಡಬಾರದು.

ಇನ್ನೊಂದು ಮಾತು, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ನಮ್ಮ ಹೆಂಗಸರು ದಾರಿಯಲ್ಲಿ ಟಾಯ್ಲೆಟ್ ಸಿಗುತ್ತೋ ಇಲ್ಲವೋ ಅಂತ ನೀರು ಕುಡಿಯುವುದನ್ನೇ ಬಿಡುತ್ತಾರೆ. ಅಲ್ಲಿ ಎಲ್ಲೆಲ್ಲಿ ಟಾಯ್ಲೆಟ್ ಇದೆ ಅಂತ ಅಮ್ಮನಿಗೆ ಮೊದಲೇ ಹೇಳಿಬಿಡಿ. ಗೊತ್ತಿರುವವರು ಬರೆಯಿರಿ.

ಮಾತು ತೊದಲಿದರೆ, ತಬ್ಬಿಬ್ಬಾದರೆ, ನಡಿಗೆ ಓಲಾಡಿದರೆ ಸುಮ್ನೆ ಸುಸ್ತು ಅಂದುಕೊಂಡು ಕೂರಬೇಡಿ. ಕೂಡಲೇ ಎಸಿ ಕಾರಿಗೆ ಸೇರಿಸಿ, ಬಟ್ಟೆ ಒದ್ದೆ ಮಾಡಿ ಮೈಮೇಲೆ ಹಾಕಿ, ಸಹಾಯ ಕರೆಯಿರಿ.

ಮರಳಿ_ಪುಣೆಗೆ

ಜಬ್ರಿಸ್ಕಿ, ಬ್ಯಾಡ್‌ವಾಟರ್, ಫರ್ನೇಸ್ ಕ್ರೀಕ್, ಡಾಂಟೆಸ್ ವ್ಯೂ, ನಾಲ್ಕೂ ಕಡೆ ಟಾಯ್ಲೆಟ್ ಇದೆ. ಫರ್ನೇಸ್ ಕ್ರೀಕ್ ಬಿಟ್ಟು ಉಳಿದ ಕಡೆ ನಲ್ಲಿ ಇರಲ್ಲ. ಕೈ ತೊಳೆಯಲು ನೀರು, ಟಿಶ್ಯೂ ಬ್ಯಾಗಿನಲ್ಲಿರಲಿ.

ಕೋಥ್ರೂಡ್_ಅಡಿಗೆಮನೆ

ಊಟದ ವಿಷಯ ಯಾರೂ ಎತ್ತಲೇ ಇಲ್ಲ! ಮೊಸರನ್ನ ಕಟ್ಟಿಕೊಂಡು ಹೋಗಬೇಡಿ, ಕಾರಿನ ಕಾವಿಗೆ ಹುಳಿ ಬಂದುಬಿಡುತ್ತದೆ. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಏನೂ ಆಗಲ್ಲ. ಹಚ್ಚಿದ ಅವಲಕ್ಕಿ, ಕೋಡುಬಳೆ, ಚಕ್ಕುಲಿ ಇರಲಿ. ನೀರಿನ ಜೊತೆ ಉಪ್ಪಿನ ತಿಂಡಿ ಬಾಯಿಗೆ ಬೀಳಬೇಕು. ಅಲ್ಲಿ ಸೂಪರ್ ಮಾರ್ಕೆಟ್‌ನಲ್ಲಿ ಐಸ್ ಚೀಲ ಸಿಗುತ್ತದೆ. ಒಂದು ಐಸ್ ಬಾಕ್ಸ್ ತಗೊಂಡು ನೀರು, ಮಜ್ಜಿಗೆ, ಲಿಂಬೆ ಶರಬತ್ತು ಅದರಲ್ಲಿಡಿ. ಮಾತ್ರೆ ಡಬ್ಬಿಯನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಕೈಚೀಲದಲ್ಲೇ ಇರಲಿ.

ವಾಕಡ್_ಕ್ಯಾಮೆರಾ

ಅದೇ ಪಾರ್ಕಿನಲ್ಲಿ ರೇಸ್‌ಟ್ರ್ಯಾಕ್ ಅನ್ನುವ ಒಣಕೆರೆ ಇದೆ, ಅಲ್ಲಿಯ ಚಲಿಸುವ ಕಲ್ಲುಗಳನ್ನು ನೋಡದೆ ಬರುವುದಾ? ಡ್ರೋನ್ ಇದ್ದರೆ ಇನ್ನೂ ಒಳ್ಳೆಯ ವಿಡಿಯೋ ಸಿಗುತ್ತದೆ.

ಕಲ್ಲು_ಮಣ್ಣು

ಡ್ರೋನ್‌ಗೆ ಅಲ್ಲಿ ನಿಷೇಧ. ರೇಸ್‌ಟ್ರ್ಯಾಕ್ ಅದ್ಭುತ ಜಾಗ, ಸುಳ್ಳಲ್ಲ. ತೆಳುವಾದ ಮಂಜುಗಡ್ಡೆ ಒಡೆದು, ಗಾಳಿಗೆ ತೇಲುತ್ತಾ ಕಲ್ಲುಗಳನ್ನು ತಳ್ಳುತ್ತದೆ ಅಂತ 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಅದಕ್ಕೆ 27 ಮೈಲಿ ಚೂಪುಗಲ್ಲಿನ ಕಚ್ಚಾ ರಸ್ತೆ. ಟೈರ್ ಹರಿದರೆ ಫೋನ್ ಸಿಗ್ನಲ್ ಇಲ್ಲ, ನೆರಳೂ ಇಲ್ಲ. ಹಿರಿಯರನ್ನು ಕೂರಿಸಿಕೊಂಡು ಬೇಸಿಗೆಯಲ್ಲಿ ಆ ಕಡೆ ತಿರುಗಲೇಬೇಡಿ.

ಹಿಂಜವಡಿ_ಹೈದ

ಸರಿ, ನಸುಕಿನ ಪ್ಲ್ಯಾನ್ ಓದಿದ ಮೇಲೆ ನನಗೂ ಆಗಬಹುದು ಅನ್ನಿಸುತ್ತಿದೆ. ಒಂದು ಸಂಶಯ. ಕ್ಯಾಲಿಫೋರ್ನಿಯಾ ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹೋದ ಹೊಸತರಲ್ಲಿ ಹಿರಿಯರಿಗೆ ರಾತ್ರಿ 2-3ಕ್ಕೇ ಎಚ್ಚರವಾಗುತ್ತದೆ. ಮೊದಲ ವಾರವೇ ಹೋದರೆ ಬೇಗ ಏಳುವ ಕಷ್ಟ ಇರಲ್ಲ, ಅಲ್ವಾ?

ನಿವೃತ್ತ_ನರ್ಸ್_ಔಂಧ್

ಬೇಡಪ್ಪಾ. ವಿಮಾನದ ದಣಿವು, ನಿದ್ದೆಗೇಡು, ನೀರು ಕಡಿಮೆ ಕುಡಿದ ಮೈ. ಅದರ ಮೇಲೆ ಈ ಬಿಸಿಲು ಬೇಡ. ಎರಡನೇ ವಾರ ಹೋಗಲಿ. ಹಿಂದಿನ ದಿನ ಬೇಗ ಊಟ ಮಾಡಿ 8ಕ್ಕೆ ಮಲಗಿದರಾಯಿತು. ಕಾರು ಓಡಿಸುವವರೂ ಹಾಗೇ ಮಲಗಬೇಕು.

ಮರಳಿ_ಪುಣೆಗೆ

ಕೊನೆಯ ಮಾತಿಗೆ ಕೈ ಮುಗಿಯುತ್ತೇನೆ. ಡೆತ್ ವ್ಯಾಲಿಯಲ್ಲಿ ಬಿಸಿಲಿಗಿಂತ ಜಾಸ್ತಿ ಜನ ಸಾಯುವುದು ಒಂಟಿ ಕಾರು ಅಪಘಾತಗಳಲ್ಲಿ. ನೇರ ಖಾಲಿ ರಸ್ತೆ, ವೇಗ ಏರಿದ್ದು ಗೊತ್ತಾಗಲ್ಲ, ಕಣ್ಣು ಮಂಪರು. ತಮ್ಮ ನಿದ್ದೆಗೆಟ್ಟಿದ್ದರೆ ಆ ದಿನ ಹೊರಡಲೇಬೇಡಿ.

ಕಾರು ಕೆಟ್ಟು ನಿಂತರೆ ಕಾರಿನ ಹತ್ತಿರವೇ ಇರಿ. ನಡೆದು ಹೋಗಿ ಸಹಾಯ ತರುತ್ತೇನೆ ಅಂತ ಯಾರೂ ಹೊರಡಬೇಡಿ. ನಮ್ಮ ಪಟ್ಟಿಯಲ್ಲಿರುವುದೆಲ್ಲ ಡಾಂಬರು ರಸ್ತೆ, ಬೆಳಗ್ಗೆ ಬೇರೆ ಗಾಡಿಗಳು ಬರುತ್ತಿರುತ್ತವೆ. ಮ್ಯಾಪ್ 'ಹತ್ತಿರದ ದಾರಿ' ಅಂತ ಮಣ್ಣುರಸ್ತೆ ತೋರಿಸಿದರೆ ಕೇಳಬೇಡಿ. ಹೊರಡುವ ಮೊದಲು ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಬಿಸಿಲಿಗೆ ಫೋನ್ ಕಾದು ಬಂದ್ ಆಗುವುದೂ ಉಂಟು, ಆಗ ಕಾಗದದ ನಕ್ಷೆಯೇ ಗತಿ. ಅಪ್ಪನ ಕೈಗೆ ಕೊಡಿ. ದಾರಿ ಹೇಳಲು ಅವರಿಗಿಂತ ಯಾರು ಬೇಕು?

ಧಾರವಾಡದಾಕಿ_ಬಾವಧನ್

ತಮ್ಮನ ಜೊತೆ ಮಾತಾಡಿದೆ. ಇಲ್ಲಿ ಬರೆದ ಪ್ಲ್ಯಾನ್ ಹಾಗೆಯೇ ಇಡುತ್ತೇವೆ, ಏನೂ ಸೇರಿಸುವುದಿಲ್ಲ. ವೇಗಸ್ ಪ್ರವಾಸವನ್ನು ಎರಡನೇ ವಾರಕ್ಕೆ ತಳ್ಳಿದ್ದೇವೆ. ಅಪ್ಪನನ್ನು ಈ ವಾರ ಡಾಕ್ಟರ್ ಹತ್ತಿರ ಕರೆದೊಯ್ಯುತ್ತೇನೆ. ಅವರು ಬೇಡ ಅಂದರೆ ಮಾಟುಂಗಾ ಮಾವನವರು ಹೇಳಿದ ಜೋಶುವಾ ಟ್ರೀ. ಅಮ್ಮನಿಗೆ ಶೂ ಕೊಡಿಸಲು ಲಕ್ಷ್ಮಿ ರೋಡಿಗೆ ನಾಳೆಯೇ ಹೋಗುತ್ತಿದ್ದೇವೆ. ಪಾರ್ಕ್ ಪ್ರವೇಶಕ್ಕೆ ಮೊದಲೇ ಬುಕ್ ಮಾಡಬೇಕಾ?

ಮರಳಿ_ಪುಣೆಗೆ

ಬುಕಿಂಗ್ ಬೇಡ. ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ನಗದು ತಗೊಳ್ಳಲ್ಲ, ಕಾರ್ಡ್ ಇರಲಿ. ಹಿಂದಿನ ರಾತ್ರಿ ಪಾರ್ಕಿನ ವೆಬ್‌ಸೈಟ್‌ನಲ್ಲಿ ಎರಡು ವಿಷಯ ನೋಡಿ. ಯಾವ ರಸ್ತೆ ಮುಚ್ಚಿದೆ, ಮರುದಿನದ ಉಷ್ಣತೆ ಎಷ್ಟು. ಅಲ್ಲಿ ಫ್ಯಾರನ್‌ಹೀಟ್‌ನಲ್ಲಿರುತ್ತದೆ. 120 (ನಮ್ಮ ಲೆಕ್ಕದಲ್ಲಿ 49 ಡಿಗ್ರಿ) ಅಥವಾ ಅದಕ್ಕಿಂತ ಜಾಸ್ತಿ ಕಂಡರೆ ಬ್ಯಾಡ್‌ವಾಟರ್ ಬಿಟ್ಟು, ಜಬ್ರಿಸ್ಕಿ ಮತ್ತು ಡಾಂಟೆಸ್ ವ್ಯೂ ಮಾತ್ರ ನೋಡಿಕೊಂಡು ಹಿಂತಿರುಗಿ.